ಭಾವ, ಬಿಸಿಲು ಮತ್ತು ಹಲಸಿನ ಹಪ್ಪಳ

ಸೂರ್ಯನ ಜೊತೆ ನಲವತ್ತು ವರ್ಷ ಮಾತು ಬಿಟ್ಟಿದ್ದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಭಾವ! ಕಾಫಿ ಬೆಳೆಯುವವರಿಗೆಲ್ಲ ಬಿಸಿಲೆಂದರೆ ಅಷ್ಟಕ್ಕಷ್ಟೇ, ಒಪ್ಪಿದೆ. ಗಿಡಕ್ಕೆ ನೆರಳು ಬೇಕು, ನೆರಳಿಗೆ ಮರ ಬೇಕು. ಆದರೆ ನಮ್ಮ ಭಾವನದು ಬೆಳೆಗಾರನ ಎಚ್ಚರಿಕೆಯಲ್ಲ, ಅಪ್ಪಟ ದಾಯಾದಿ ಜಗಳ. ಸೋಮವಾರಪೇಟೆಯಿಂದ ಎಂಟು ಮೈಲಿ ಒಳಗಿರುವ ಅವರ ತೋಟದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಪೇಪರ್ ಓದಬೇಕಾದರೆ ಟಾರ್ಚ್ ಹಿಡಿಯಬೇಕು. ಎಲ್ಲಾದರೂ ನೆಲದ ಮೇಲೆ ತಟ್ಟೆಯಗಲ ಬಿಸಿಲು ಬಿದ್ದಿತೋ, ಭಾವ ಸೊಂಟದ ಮೇಲೆ ಕೈಯಿಟ್ಟು, ಕತ್ತೆತ್ತಿ, "ಎಲ್ಲಿಂದ ನುಗ್ತು ಇದು?" ಎಂದು ಕಳ್ಳನನ್ನು ಹುಡುಕುತ್ತಾರೆ. ಮುಂದಿನ ಮಳೆಗಾಲಕ್ಕೆ ಆ ಜಾಗದಲ್ಲಿ ಒಂದು ಸಿಲ್ವರ್ ಓಕ್ ಸಸಿ ನಿಂತಿರುತ್ತದೆ.

ಇಂಥ ಮನುಷ್ಯ ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಫೋನ್ ಮಾಡಿ, "ಲೋ, ಸೋಲಾರ್ ಹಾಕ್ತಾ ಇದೀನಿ. ಭಾನುವಾರ ಬಾ" ಅಂದರು.

ನಾನು ಮಡಿಕೇರಿಯಲ್ಲಿ ಮೇಷ್ಟ್ರು. ಭಾನುವಾರ ಮಾತ್ರ ನನ್ನದು. ಅದನ್ನೂ ಭಾವ ಬಿಡುವುದಿಲ್ಲ.

"ಮನೆ ಮೇಲಾ ಭಾವ?"

"ಮನೆ ಮೇಲಲ್ಲ ಮಾರಾಯ. ಗಾಡಿ ಮೇಲೆ."

"ಯಾವ ಗಾಡಿ?"

"ಅದನ್ನಿನ್ನೂ ತಗೊಂಡಿಲ್ಲ. ನೀನು ಮೊದ್ಲು ಬಾ!"

ಇದಕ್ಕೆಲ್ಲ ಮೂಲ ನಮ್ಮಕ್ಕ. ನಾಲ್ಕು ವರ್ಷದ ಹಿಂದೆ ಮೈಸೂರಿನ ಡಾಕ್ಟರೊಬ್ಬರು ಅಕ್ಕನನ್ನು ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿ, ನಿದ್ದೆಯಲ್ಲಿ ಇವರ ಉಸಿರು ಆಗಾಗ ನಿಂತು ಹೋಗುತ್ತಿದೆ ಎಂದು ಹೇಳಿದರು. ನಾವೆಲ್ಲ ಅಷ್ಟು ದಿನ ಅದನ್ನು ಬರೀ ಗೊರಕೆ ಅಂದುಕೊಂಡು ನಕ್ಕಿದ್ದೆವು. ಡಾಕ್ಟರು ಒಂದು ಯಂತ್ರ ಬರೆದುಕೊಟ್ಟರು. ಮೂಗಿನ ಮೇಲೆ ಕೂರುವ ಒಂದು ಮುಖವಾಡ, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಯಲ್ಲಿ ಗುಂಯ್ಗುಡುವ ಒಂದು ಡಬ್ಬಿ. ರಾತ್ರಿಯಿಡೀ ಆ ಡಬ್ಬಿಗೆ ಕರೆಂಟು ಬೇಕು. ಒಂದು ರಾತ್ರಿಯೂ ಬಿಡುವಂತಿಲ್ಲ.

ಅಂದಿನಿಂದ ಅಕ್ಕ ಮನೆ ಬಿಟ್ಟು ಬೇರೆ ಎಲ್ಲೂ ಮಲಗಿರಲಿಲ್ಲ. ಮದುವೆ, ನಾಮಕರಣ, ಏನೇ ಇರಲಿ, ಬೆಳಿಗ್ಗೆ ಬಂದು ಸಂಜೆ ನಾಲ್ಕಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದುಬಿಡುತ್ತಿದ್ದಳು. ಅವಳಿಗೆ ನಾವು 'ನಾಲ್ಕು ಗಂಟೆ ಬಸ್ಸು' ಎಂದು ಹೆಸರಿಟ್ಟಿದ್ದೆವು. ನಾವು ಅನ್ನುವುದೇಕೆ, ಹೆಸರಿಟ್ಟವನು ನಾನೇ! ಅಕ್ಕನೂ ನಗುತ್ತಿದ್ದಳು.

ಹೀಗಿರುವಾಗ ತಿತಿಮತಿಯಲ್ಲಿರುವ ನಮ್ಮ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಮೇ ತಿಂಗಳಲ್ಲಿ. ಆ ಹುಡುಗಿ ಹೈಸ್ಕೂಲು ಓದಿದ್ದೆಲ್ಲ ಅಕ್ಕನ ಮನೆಯಲ್ಲಿದ್ದುಕೊಂಡು. ಅಕ್ಕನೇ ಜಡೆ ಹಾಕಿ, ಅಕ್ಕನೇ ಬೈದು ಬೆಳೆಸಿದ ಹುಡುಗಿ. ತಂಗಿ ಫೋನಿನಲ್ಲಿ ಅತ್ತುಕೊಂಡು, "ಚಪ್ಪರದ ದಿನದಿಂದ ನೀನಿರ್ಬೇಕು ಅಕ್ಕ. ಮೂರು ದಿನ. ಬಂದು ಹೋಗೋದಾದ್ರೆ ಬರಲೇಬೇಡ" ಅಂದಳು. ಅಕ್ಕ "ನೋಡಾಣ" ಅಂದಳು. ನಮ್ಮ ಮನೆಯಲ್ಲಿ 'ನೋಡಾಣ' ಎಂದರೆ ಇಲ್ಲ ಎಂದರ್ಥ.

ತಿತಿಮತಿಯ ಕರೆಂಟಿನ ವಿಷಯ ಗೊತ್ತಿರುವವರು ಅಕ್ಕನನ್ನು ದೂರುವುದಿಲ್ಲ. ಅಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ ಆನೆ ಬರುತ್ತದೆ. ಬಂದ ಆನೆ ಸುಮ್ಮನೆ ಹೋಗದೆ ಒಂದು ಬೈನೆ ಮರವನ್ನು ಲೈನಿನ ಮೇಲೆ ಒರಗಿಸಿ ಹೋಗುತ್ತದೆ. ಆನೆ ಅಲ್ಲೇ ಇರುವಷ್ಟು ದಿನ ಲೈನ್‌ಮನ್ ಹೋಗುವುದಿಲ್ಲ. ಹೋಗಿ ಎಂದು ಹೇಳುವ ಮುಖ ಯಾರಿಗಿದೆ? ಮೂರು ದಿನ, ನಾಲ್ಕು ದಿನ ಕತ್ತಲೆ.

"ಅಷ್ಟೇ ತಾನೆ? ಎರಡು ಬ್ಯಾಟರಿ, ಎರಡು ಪ್ಯಾನೆಲ್ ತಗೊಂಡು ಹೋಗಿ ಅವರ ಅಂಗಳದಲ್ಲಿಟ್ಟರಾಯಿತು. ಗಾಡಿ ಯಾಕೆ ಭಾವ?" ಎಂದು ಕೇಳಿದೆ. ಇದೊಂದು ಪ್ರಶ್ನೆಯನ್ನು ಭಾವನಿಗೆ ಕೇಳದವರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಅವರ ಉತ್ತರ ಮಾತ್ರ ದಿನಕ್ಕೊಂದು. "ನಂಗೆ ಚಾಪೆ ಮೇಲೆ ಮಲಗಿದ್ರೆ ಸೊಂಟ ಹಿಡಿಯುತ್ತೆ." "ಮದುವೆ ಮನೇಲಿ ಕಕ್ಕಸಿಗೆ ಸಾಲು ನಿಲ್ಲಕ್ಕಾಗಲ್ಲ." ತೋಟದ ಲೆಕ್ಕ ಬರೆಯುವ ರೈಟರ್ ಕೇಳಿದಾಗ, "ನಿಂಗೆ ಯಾಕಯ್ಯ?" ರೈಟರಿಗೆ ಸಿಕ್ಕಿದ್ದೇ ಸತ್ಯಕ್ಕೆ ಹತ್ತಿರದ ಉತ್ತರ ಎಂದು ಆಗ ನಾನು ಅಂದುಕೊಂಡಿದ್ದೆ.

ಗಾಡಿ ಬಂತು. ಹೋಂಸ್ಟೇ ನಡೆಸುತ್ತಿದ್ದವನೊಬ್ಬ ಪ್ರವಾಸಿಗರಿಗೆಂದು ತರಿಸಿ, ಜಿಗಣೆಗೆ ಹೆದರಿ ಯಾರೂ ಅದರಲ್ಲಿ ಮಲಗದೆ ಮೂಲೆಗೆ ತಳ್ಳಿದ್ದ ಟ್ರೇಲರ್. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಬಿಳಿ ಪೆಟ್ಟಿಗೆ, ಎರಡು ಚಕ್ರ, ಒಳಗೆ ಒಂದು ಮಂಚ, ಒಂದು ಬೀರು, ಬೊಗಸೆಯಷ್ಟು ಒಂದು ಸಿಂಕು. ಕಾಫಿ ಪಿಕಿಂಗ್ ಮಾಡುತ್ತಿದ್ದ ಹೆಂಗಸರು ಅದನ್ನು ಕಂಡು, "ಅಯ್ಯಾರೆ, ಐಸ್‌ಕ್ರೀಮಾ?" ಎಂದು ಕೆಲಸ ಬಿಟ್ಟು ಬಂದರು. ಅಕ್ಕ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ಒಮ್ಮೆ ನೋಡಿ, ಒಳಗೆ ಹೋಗಿ ಒಗ್ಗರಣೆ ಹಾಕಿದಳು.

ಭಾವನ ಕಣ್ಣು ಮಾತ್ರ ಗಾಡಿಯ ಚಾವಣಿಯ ಮೇಲೆ ನೆಟ್ಟಿತ್ತು.

"ಸಪಾಟು!" ಅಂದರು. ಯಾರೋ ಕೆಟ್ಟ ಮಾತಾಡಿದಂತೆ ಅವರ ಮುಖ ಕೆಂಪಾಗಿತ್ತು. "ಸೂರು ಅಂದ್ರೆ ಇಳಿಜಾರು ಇರ್ಬೇಕು ಕಣೋ. ಸಪಾಟಿರೋದು ಸೂರಲ್ಲ, ಟೇಬಲ್ಲು!"

ಆರು ತಿಂಗಳು ಮಳೆ ಹೊಡೆಯುವ ಊರಿನವರು. ಅವರ ತಪ್ಪೇನಿದೆ? ಪ್ಯಾನೆಲನ್ನು ಸ್ವಲ್ಪ ವಾಲಿಸಿ ಇಟ್ಟರೆ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ಮಾರಿದವನು ಹೇಳಿದ್ದು ಭಾವನಿಗೆ ತಮ್ಮ ಅಜ್ಜನ ಮನೆಯ ಹಂಚಿನ ಸೂರಿನಷ್ಟು ಎಂದು ಕೇಳಿಸಿತು. ಸೋಮವಾರಪೇಟೆಯಿಂದ ವೆಲ್ಡಿಂಗ್ ಮೊಯ್ದುವನ್ನು ಕರೆಸಿದರು. ಬಿಸಿಲಿಗೆ ಕೂತು ಕೆಲಸ ಮಾಡುವುದುಂಟೇ? ಗಾಡಿಯನ್ನು ಕಾಫಿ ಗೋಡೌನಿನೊಳಗೆ ತಳ್ಳಿಸಿದರು. ಮೂರು ದಿನ ಕಿಡಿ ಹಾರಿತು. ನಾಲ್ಕನೆಯ ದಿನ, ಭಾನುವಾರ, ಗಾಡಿಯ ತಲೆಯ ಮೇಲೆ ಕಬ್ಬಿಣದ ತೊಲೆ, ಕಬ್ಬಿಣದ ಜಂತೆ, ಎರಡೂ ಕಡೆ ಇಳಿಜಾರು, ಆ ಇಳಿಜಾರಿನ ಒಂದು ಮಗ್ಗುಲಿಗೆ ಎರಡು ಪ್ಯಾನೆಲ್. ನಡುಮನೆಯೊಂದೇ ಬಾಕಿ!

ಭಾವ ಜೀಪು ಹತ್ತಿ ಸ್ಟಾರ್ಟ್ ಮಾಡಿದರು. ಗಾಡಿ ಎರಡು ಅಡಿ ಬಂತು.

"ಪಡಚ್ಚೋನೇ! ನಿಲ್ಸಿ ಸಾಹುಕಾರ್ರೇ, ನಿಲ್ಸಿ!" ಎಂದು ಮೊಯ್ದು ದೇವರನ್ನೇ ಕರೆದು ಕಿರುಚಿದ.

ಒಳಗೆ ಹೋಗುವಾಗ ಗಾಡಿಯಾಗಿದ್ದದ್ದು ಹೊರಗೆ ಬರುವಾಗ ಮನೆಯಾಗಿತ್ತು. ಗೋಡೌನಿನ ಬಾಗಿಲಿಗಿಂತ ಸೂರು ಒಂದೂವರೆ ಮೊಳ ಎತ್ತರ. ನಾನು ನಗು ತಡೆಯಲಾರದೆ ಕಾಫಿ ಮೂಟೆಯ ಹಿಂದೆ ಹೋದೆ. ಭಾವ ಇಳಿದು ಬಂದು, ಬಾಗಿಲನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿ, "ಬಾಗ್ಲು ಕುಳ್ಳಾಯ್ತು" ಎಂದು ತೀರ್ಪು ಕೊಟ್ಟರು. ಕಾಫಿ ತಂದ ಅಕ್ಕ, "ಅದಕ್ಕೇನಂತೆ? ಮದುವೇನ ಗೋಡೌನಿನೊಳಗೇ ಮಾಡಾಣ ಬಿಡಿ" ಅಂದಳು.

ಮೊಯ್ದು ಮಾತ್ರ ನಗಲಿಲ್ಲ. ಜೀಪಿನ ಬಾನೆಟ್ ಎತ್ತಿ, ಅದಕ್ಕೆ ಕಂಬಿ ಆನಿಸಿ, ನೀರು ನೋಡಿದಂತೆ ಮಾಡಿದ. ಬಾನೆಟ್ ಮುಚ್ಚಿದ. ಮತ್ತೆ ಎತ್ತಿದ. "ಇದು ಹೋಗುವಾಗ ಮಲಗ್ತದೆ, ನಿಂತಾಗ ಏಳ್ತದೆ ಅಲ್ಲಾ ಸಾಹುಕಾರ್ರೇ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಭಾವ ಹತ್ತು ನಿಮಿಷ ಆ ಬಾನೆಟ್ಟನ್ನೇ ನೋಡಿದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, "ಎಲ್ಲಾರೂ ಕೇಳಿ, ನಂಗೊಂದು ಐಡಿಯಾ ಬಂದಿದೆ" ಅಂದರು! ಸೂರು ಬಿಚ್ಚಿ, ಒಂದು ಅಂಚಿಗೆ ಬಾಗಿಲ ಕೀಲು ಕೊಟ್ಟು, ಹೋಗುವಾಗ ಸಪಾಟಾಗಿ ಮಲಗುವ, ನಿಂತಲ್ಲಿ ಕಂಬಿ ಕೊಟ್ಟು ಎತ್ತುವ ಚೌಕಟ್ಟು ಆಯಿತು. ಮೊಯ್ದುವಿಗೆ ಕೂಲಿ ಸಿಕ್ಕಿತು, ಹೆಸರು ಭಾವನಿಗೆ ಸಿಕ್ಕಿತು. ಇಬ್ಬರಿಗೂ ಬೇಜಾರಿರಲಿಲ್ಲ.

ಚೌಕಟ್ಟನ್ನು ಕೂರಿಸಲು ಚಾವಣಿಗೆ ಹನ್ನೆರಡು ತೂತು ಹೊಡೆಯಬೇಕಿತ್ತು. ಬೆಂಗಳೂರಿನವರಿಗಾದರೆ ಅದು ಹನ್ನೆರಡು ನಿಮಿಷದ ಕೆಲಸ. ನಮ್ಮ ಕಡೆಯವರಿಗೆ ಸೂರಿಗೆ ತೂತು ಹೊಡೆಯುವುದೆಂದರೆ ದೋಣಿಗೆ ಹೊಡೆದ ಹಾಗೆ. ಪ್ರತಿ ತೂತಿಗೂ ಭಾವ ಕಣ್ಣು ಮುಚ್ಚಿಕೊಂಡರು. ಪ್ರತಿ ಮೊಳೆಗೂ ರಬ್ಬರು, ರಬ್ಬರಿನ ಮೇಲೆ ಗೋಂದು, ಗೋಂದಿನ ಮೇಲೆ ಡಾಂಬರು. ಇಷ್ಟಾದರೂ ಸಮಾಧಾನವಿಲ್ಲ. ಕಾಫಿ ಹೂವಿಗೆ ನೀರು ಹಾರಿಸುವ ಸ್ಪ್ರಿಂಕ್ಲರಿನ ಒಂದು ಜೆಟ್ಟನ್ನು ತಂದು ಗಾಡಿಯ ಪಕ್ಕ ನೆಟ್ಟು, ನನ್ನ ಕೈಗೆ ಟಾರ್ಚ್ ಕೊಟ್ಟು, "ಒಳಗೆ ಕೂತ್ಕೊಂಡು ಸೂರು ನೋಡ್ತಿರು. ತೊಟ್ಟಿಕ್ಕಿದ್ರೆ ಕೂಗು" ಎಂದು ಪಂಪು ಹಾಕಿದರು. ಮೂರು ಗಂಟೆ! ಮಾರ್ಚ್ ತಿಂಗಳಲ್ಲಿ ಒಬ್ಬನಿಗಾಗಿ ಒಂದು ಇಡೀ ಆಷಾಢ. ಸೂರಿನಿಂದ ಒಂದು ಹನಿ ಬೀಳಲಿಲ್ಲ. ಆದರೆ ನಾನು ಹೊರಗೆ ಬಂದಾಗ ತಲೆಯಿಂದ ಕಾಲಿನವರೆಗೆ ತೊಯ್ದು ಹೋಗಿದ್ದೆ. ಕಿಟಕಿ ಮುಚ್ಚುವುದನ್ನು ಭಾವ ಮರೆತಿದ್ದರು.

"ಕೂಗ್ಬೇಕಿತ್ತಲ್ಲೋ?"

"ಸೂರು ಸೋರಿದ್ರೆ ಕೂಗು ಅಂದ್ರಿ ಭಾವ. ಕಿಟಕಿ ವಿಷಯ ಹೇಳ್ಲಿಲ್ಲ."

ಎಲ್ಲ ಆಯಿತು. ಎಳೆದು ತಂದು ಮನೆಯ ಮುಂದೆ ನಿಲ್ಲಿಸಿ, ಪ್ಯಾನೆಲ್ ಎತ್ತಿ, ಮೀಟರ್ ನೋಡಿದರೆ ಸೊನ್ನೆ! ಬಲಕ್ಕೆ ತಿರುಗಿಸಿದರು, ಸೊನ್ನೆ. ಗೇಟಿನ ಹತ್ತಿರ, ಸೊನ್ನೆ. ಅಲ್ಲಿ ಬಿಸಿಲೆಲ್ಲಿತ್ತು? ನಲವತ್ತು ವರ್ಷ ಸೂರ್ಯನ ಮುಖಕ್ಕೆ ಬಾಗಿಲು ಹಾಕಿದವರು ಈಗ ಕಂಬಿ ಆನಿಸಿ ಕರೆದರೆ ಅವನು ಬರುತ್ತಾನೆಯೇ? ಭಾವ ತಲೆಯೆತ್ತಿ ತಾವೇ ಸಾಕಿದ ಮರಗಳನ್ನು ನೋಡುತ್ತ ಸುಮಾರು ಹೊತ್ತು ನಿಂತಿದ್ದರು. ನನಗೆ ಮೊದಲ ಬಾರಿಗೆ ಅವರ ಮೇಲೆ ಕನಿಕರ ಬಂತು.

ಇಡೀ ತೋಟದಲ್ಲಿ ಬಿಸಿಲು ಬೀಳುವ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಅದು ಅಕ್ಕನ ರಾಜ್ಯ. ಆಗ ಅಲ್ಲಿ ಕಾಳುಮೆಣಸು ಹರಡಿತ್ತು. ಗಾಡಿಯನ್ನು ಕಣದ ಅಂಚಿಗೆ ತಂದು ನಿಲ್ಲಿಸಿದ್ದೇ ತಡ, ಅಕ್ಕ ಕೋಲು ಹಿಡಿದು ಬಂದಳು.

"ನಿಮ್ಮ ಗಾಡಿ ನೆರಳು ನನ್ನ ಮೆಣಸಿನ ಮೇಲೆ ಬೀಳ್ತಿದೆ, ತೆಗೀರಿ!"

ನೆರಳಿಗೂ ಬೈಗುಳ ತಿನ್ನುವ ದಿನ ಬರುತ್ತದೆಂದು ಭಾವ ಕನಸಲ್ಲೂ ಎಣಿಸಿರಲಿಕ್ಕಿಲ್ಲ. ಅವತ್ತು ನಾವಿಬ್ಬರೂ ಗಂಟೆಗೊಮ್ಮೆ ಆ ಗಾಡಿಯನ್ನು ಕೈಯಲ್ಲಿ ತಳ್ಳಿಕೊಂಡು ಮೆಣಸಿನ ಸುತ್ತ ಪ್ರದಕ್ಷಿಣೆ ಹಾಕಿದೆವು. ಸಂಜೆಗೆ ಬ್ಯಾಟರಿ ತುಂಬಿತು. ಕೊನೆಗೆ ಕಣದ ಕೆಳಗಿನ ತಗ್ಗಿನ ಹಂತದಲ್ಲಿ, ಮೇಲಿನ ಕಟ್ಟೆಗೆ ಒತ್ತಿಕೊಂಡಂತೆ ಗಾಡಿ ನಿಲ್ಲಿಸಬಹುದು, ಅದರ ಚಾವಣಿ ಕಟ್ಟೆಯ ಮಟ್ಟಕ್ಕೇ ಬರುವುದರಿಂದ ನೆರಳು ಮೆಣಸಿಗೆ ಬೀಳುವುದಿಲ್ಲ ಎಂದು ಒಪ್ಪಂದವಾಯಿತು.

ಏಪ್ರಿಲ್‌ನಲ್ಲಿ ಗಾಡಿಗೆ ಪರೀಕ್ಷೆ. ನನ್ನ ಶಾಲೆಗೆ ರಜ ಬಂದಿತ್ತು. ಭಾವ ಯಂತ್ರವನ್ನೂ, ಡಾಕ್ಟರು ಹೇಳಿದ ಅಂಗಡಿಯಿಂದ ತರಿಸಿದ ಇನ್ನೊಂದು ಹೊಸ ಮುಖವಾಡವನ್ನೂ ಹಿಡಿದುಕೊಂಡು ಗಾಡಿ ಕಟ್ಟಿ ದುಬಾರೆಯ ಆನೆ ಶಿಬಿರಕ್ಕೆ ಹೊರಟರು. "ಹೊಳೆ ದಡದಲ್ಲಿ ಬಿಸಿಲು ಚೆನ್ನಾಗಿರುತ್ತೆ." ಅಕ್ಕ ಬರಲಿಲ್ಲ. ದುಬಾರೆಯಲ್ಲಿ ಗಾಡಿ ನಿಲ್ಲಿಸುವ ಬಯಲಿನಲ್ಲಿ ಭಾವ ಹಳೆಯ ದಿಕ್ಸೂಚಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ಪ್ಯಾನೆಲ್ ದಕ್ಷಿಣಕ್ಕೆ ಸರಿಯಾಗಿ ಮುಖ ಮಾಡುವವರೆಗೆ ನನ್ನಿಂದ ಹದಿನಾಲ್ಕು ಸಲ ಹಿಂದೆ ಮುಂದೆ ಮಾಡಿಸಿದರು. ಆಮೇಲೆ, ಎಷ್ಟು ಕರೆಂಟು ತಿನ್ನುತ್ತದೆ ನೋಡಬೇಕೆಂದು ಮುಖವಾಡ ಹಾಕಿಕೊಂಡು ಒಳಗೆ ಮಂಚದ ಮೇಲೆ ಮಲಗಿಬಿಟ್ಟರು.

ನಾನು ಹೊರಗೆ ಕೂತು ಮೀಟರ್ ಬರೆದುಕೊಳ್ಳುತ್ತಿದ್ದೆ. ಬಿಳಿ ಗಾಡಿ, ಪಕ್ಕದಲ್ಲಿ ಪುಸ್ತಕ ಪೆನ್ನು ಹಿಡಿದ ಒಬ್ಬ ಮೇಷ್ಟ್ರು. ತಲೆಯೆತ್ತಿದರೆ ಎದುರಿಗೆ ಸಾಲು ನಿಂತಿದೆ! "ಸಾರ್, ಆನೆ ಸ್ನಾನಕ್ಕೆ ಟಿಕೆಟ್ ಇಲ್ಲೇನಾ?" ಇಲ್ಲ ಎಂದು ಹೇಳಿದಷ್ಟೂ ಸಾಲು ಬೆಳೆಯಿತು. ಅಷ್ಟರಲ್ಲಿ ಒಂದು ಮಗು ಅಪ್ಪನ ಹೆಗಲೇರಿ ಕಿಟಕಿಯೊಳಗೆ ಇಣುಕಿ, "ಅಪ್ಪಾ, ಒಳಗೊಂದು ಆನೆ ಮಲಗಿದೆ!" ಎಂದು ಕೂಗಿತು. ಸಾಲು ಪೂರ್ತಿ ಕಿಟಕಿಗೆ ಬಂತು. ಒಬ್ಬ ಫೋನ್ ಎತ್ತಿ ಫೋಟೋ ಹೊಡೆದ. ಭಾವ ಕಣ್ಣು ಬಿಟ್ಟಾಗ ಹತ್ತು ಹನ್ನೆರಡು ಮುಖಗಳು ಗಾಜಿಗೆ ಒತ್ತಿಕೊಂಡು ನಗುತ್ತಿದ್ದವು.

ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಪರೀಕ್ಷೆ ಪಾಸಾಗಿತ್ತು, ಬ್ಯಾಟರಿ ಅಲುಗಿರಲಿಲ್ಲ. ಆದರೆ ಭಾವ ಆ ಕ್ಷಣವೇ ಗಾಡಿ ಕಟ್ಟಿಸಿ ಹೊರಟರು. ಸೋಮವಾರಪೇಟೆಯಲ್ಲಿ ಜೀಪು ನಿಲ್ಲಿಸಿ, ಬಟ್ಟೆ ಅಂಗಡಿಗೆ ಹೋಗಿ, ಇರುವುದರಲ್ಲೇ ದಪ್ಪನೆಯ ಪರದೆ ಬಟ್ಟೆ ಹರಿಸಿದರು. ನಾಲ್ಕು ಕಿಟಕಿಗೂ ಎರಡೆರಡು ಪದರ. "ಇಷ್ಟು ದಪ್ಪದ್ದಾ? ಒಳಗೆ ನಾಟಕ ಆಡಿಸ್ತೀರಾ?" ಎಂದು ತಮಾಷೆ ಮಾಡಿದೆ. ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು, ಆಚೆ ಬದಿಯ ತಮ್ಮ ಕೈ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಮದುವೆಗೆ ಎಂಟು ದಿನವಿದೆ ಎನ್ನುವಾಗ ಫೋನ್ ಬಂತು. ಭಾವನದು. "ಬೇಗ ಬಾ. ಚಾರ್ಜ್ ಆಗ್ತಿಲ್ಲ."

ಹೋಗಿ ನೋಡಿದರೆ ಗಾಡಿಯ ಹೊಟ್ಟೆಯೆಲ್ಲ ಬಗೆದು ಹಾಕಿದ್ದರು. ವೈರುಗಳು ನೆಲದ ಮೇಲೆ, ಭಾವ ವೈರುಗಳ ನಡುವೆ. ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ, ಗಡ್ಡ ತೆಗೆದಿಲ್ಲ. ಬೆಳಿಗ್ಗೆ ಸರಿ ಇರುತ್ತದಂತೆ, ಒಂಬತ್ತು ಗಂಟೆಯಾದರೆ ಮೀಟರ್ ಬಿದ್ದು ಹೋಗುತ್ತದಂತೆ, ಸಂಜೆಗೆ ಮತ್ತೆ ಸರಿಯಂತೆ. ದೆವ್ವ ಹಿಡಿದವರ ವರ್ಣನೆಯ ಹಾಗೇ ಇತ್ತು. ಪ್ಯಾನೆಲ್ ಮಾರಿದವನಿಗೆ ಫೋನಿನಲ್ಲಿ ಬೈದಾಗಿತ್ತು. ಮೊಯ್ದು ಬಂದು ತಲೆಯಾಡಿಸಿ ಹೋಗಿದ್ದ. "ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಖಂಡಿತ ಬರಲ್ಲ" ಎಂದು ಪಿಸುಗುಟ್ಟಿದರು.

"ಮೇಲೆ ಹತ್ತಿ ನೋಡಿದ್ರಾ ಭಾವ?"

"ಮೇಲೆ ಎಂತ ನೋಡೋದು? ಗಾಜು ತಾನೆ?"

ನಾನು ಮೆಣಸು ಕೊಯ್ಯುವ ಏಣಿ ತಂದು ಹತ್ತಿದೆ. ಪ್ಯಾನೆಲಿನ ಮೇಲೆ, ಒಂದೊಂದರ ಮೇಲೆ ಐವತ್ತರಂತೆ, ನೂರು ಹಲಸಿನ ಹಪ್ಪಳ! ಸಾಲಾಗಿ, ಅಂಚಿಗೆ ಅಂಚು ತಾಗದಂತೆ, ಅಚ್ಚುಕಟ್ಟಾಗಿ ಒಣಗುತ್ತಿದ್ದವು. ಅಕ್ಕನ ದೃಷ್ಟಿಯಿಂದ ನೋಡಿ: ಕೈಗೆ ಸಿಗುವ ಎತ್ತರ, ನುಣುಪಾದ ಬಿಸಿ ಗಾಜು, ಮಣ್ಣಿಲ್ಲ, ಕೋಳಿ ಹತ್ತುವುದಿಲ್ಲ, ಅದೂ ದಿಕ್ಸೂಚಿ ಹಿಡಿದು ಬಿಸಿಲಿಗೆ ಮುಖ ಮಾಡಿಟ್ಟಿದ್ದು. ಒಂಬತ್ತಕ್ಕೆ ಕಟ್ಟೆಯ ಮೇಲಿಂದ ಹರಡಿ, ಸಂಜೆ ತೆಗೆಯುತ್ತಿದ್ದಳು. ಗಾಡಿಯ ಹೊಟ್ಟೆಯೊಳಗೆ ತಲೆ ಹಾಕಿ ಮಲಗಿದ್ದ ಭಾವನಿಗೆ ಕಾಣುವುದೆಲ್ಲಿಂದ?

ಈಗ ಆಕಾಶ ಭೂಮಿ ಒಂದಾಗುತ್ತದೆ ಎಂದುಕೊಂಡು ನಾನು ಒಂದು ಹಪ್ಪಳ ಹಿಡಿದು ಕೆಳಗಿಳಿದೆ. ಭಾವ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳುತ್ತ ಹೋಯಿತು.

"ಎಷ್ಟಿದೆ?"

"ನೂರು."

"ನಾವಿಬ್ರು ಇರೋ ಮನೆಗೆ ನೂರು ಹಪ್ಪಳ ಯಾಕೋ? ಇದು ಮದುವೆಗೆ ಮಾಡಿದ್ದು! ಇವ್ಳು ಹೊರಟ್ಲು ಕಣೋ!"

ಅಷ್ಟು ದಿನವೂ ಅಕ್ಕ ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಭಾವ ಹಪ್ಪಳ ಒಣಗುವವರೆಗೆ ಇನ್ನೆರಡು ದಿನ ಪ್ಯಾನೆಲನ್ನು ಅವಳಿಗೇ ಬಿಟ್ಟುಕೊಟ್ಟರು. ವಿಷಯ ಗೊತ್ತಾಯಿತೆಂದು ಅವಳಿಗೆ ಹೇಳಲೂ ಇಲ್ಲ.

ಚಪ್ಪರದ ಹಿಂದಿನ ದಿನ ತಿತಿಮತಿಗೆ ಹೋದೆವು. ಭಾವ ದಿಕ್ಸೂಚಿ ತೆಗೆದರು. ದಕ್ಷಿಣ ಸರಿಯಾಗಿ ಸಿಗುವ ಜಾಗ ಹಜಾರದ ಕಿಟಕಿಯ ಹೊರಗೆ, ಅಡಿಗೆಯವರು ಒಲೆ ಹೂಡಬೇಕೆಂದಿದ್ದಲ್ಲಿ. "ದಕ್ಷಿಣ ಪೂರ್ತಿ ನೀವೇ ಬರೆಸ್ಕೊಂಡು ಬಂದಿದೀರಾ ಸ್ವಾಮಿ?" ಎಂದು ಅಡಿಗೆಯವರು ರೇಗಿದರು. ಭಾವ ಜಗ್ಗಲಿಲ್ಲ. ಒಲೆ ಉತ್ತರಕ್ಕೆ ಹೋಯಿತು. ಆ ರಾತ್ರಿ ಅಕ್ಕ ಗಾಡಿಯಲ್ಲಿ ಪರದೆ ಎಳೆದು, ಬಾಗಿಲು ಹಾಕಿಕೊಂಡು ಮಲಗಿದಳು.

ಮಾರನೆಯ ದಿನ, ಸರಿಯಾಗಿ ಚಪ್ಪರದ ದಿನವೇ, ಆನೆ ತನ್ನ ಕೆಲಸ ಮಾಡಿತು. ಬೈನೆ ಮರ ಲೈನಿನ ಮೇಲೆ. ಕರೆಂಟಿಲ್ಲ. ಚಪ್ಪರದ ದೀಪಕ್ಕೆ ಮಾತ್ರ ಬಾಡಿಗೆ ಜನರೇಟರು, ಅದೂ ಊಟ ಮುಗಿಯುವವರೆಗೆ. ಸಾಲದ್ದಕ್ಕೆ ಮಧ್ಯಾಹ್ನದಿಂದ ಮೋಡ. ಮೀಟರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ, ಒಂದು ರಾತ್ರಿಗೆ ಸಾಲುವಷ್ಟು. ಇಡೀ ಮದುವೆಮನೆ ಫೋನುಗಳನ್ನು ಹಿಡಿದು ಗಾಡಿಯ ಮುಂದೆ ನಿಂತಿತು. ಮತ್ತೆ ಸಾಲು! ಭಾವ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. ಅಡಿಗೆಯವರು ಬಂದು, "ಚಟ್ನಿಗೆ ಮಿಕ್ಸಿ, ಐದೇ ನಿಮಿಷ" ಅಂದರು. "ಒರಳಿಲ್ವಾ?" ಅಂದರು ಭಾವ. ಗಂಡಿನ ಸೋದರಮಾವ ಬಂದರು. "ಒಂದೇ ಒಂದು ಫೋನು." "ಇಲ್ಲ."

ತಂಗಿ ಓಡಿ ಬಂದಳು. "ಭಾವ, ಬೀಗರ ಕಡೆಯವ್ರು ಅವ್ರು! ಮುಖ ಊದಿಸ್ಕೊಂಡು ಹೋದ್ರು."

"ಫೋನ್ ಆರಿ ಹೋದ್ರೆ ಬೀಗರ ಉಸಿರು ನಿಲ್ಲಲ್ಲ" ಅಂದರು ಭಾವ.

ತಂಗಿ ಒಳಗೆ ಹೋದಳು. ಭಾವನ ಊಟವನ್ನು ಅಲ್ಲಿಗೇ ಎಲೆಯಲ್ಲಿ ತಂದುಕೊಟ್ಟಳು.

ಧಾರೆಯ ದಿನ ಬೆಳಕು ಹರಿಯುವಾಗ ಹಾಲು ತರಲು ನನ್ನನ್ನು ಎಬ್ಬಿಸಿದರು. ಪಾತ್ರೆ ಹಿಡಿದು ಅಂಗಳಕ್ಕಿಳಿದರೆ, ಗಾಡಿಯಿಂದ ಒಂದು ಹಳದಿ ವೈರು ಹೊರಟು ಹಜಾರದ ಕಿಟಕಿಯೊಳಗೆ ಹೋಗಿತ್ತು. ಯಾರೋ ಕೊನೆಗೂ ಕಳ್ಳತನದಲ್ಲಿ ಫೋನ್ ಚಾರ್ಜಿಗೆ ಹಾಕಿದ್ದಾರೆ, ಭಾವನಿಗೆ ಗೊತ್ತಾದರೆ ಮದುವೆ ನಿಲ್ಲುತ್ತದೆ ಎಂದುಕೊಂಡು ಕಿಟಕಿಯಲ್ಲಿ ಇಣುಕಿದೆ.

ಹಜಾರದ ತುಂಬ ಚಾಪೆಗಳು. ಹೆಂಗಸರು, ಮಕ್ಕಳು, ಒಬ್ಬರ ಮೇಲೊಬ್ಬರು ಕೈಕಾಲು ಹಾಕಿಕೊಂಡು ಮಲಗಿದ್ದರು. ನಡುವೆ ಮದುಮಗಳು. ಅವಳ ಪಕ್ಕದಲ್ಲಿ ನಮ್ಮಕ್ಕ, ಮೂಗಿಗೆ ಮುಖವಾಡ ಹಾಕಿಕೊಂಡು, ಹಾಯಾಗಿ ನಿದ್ದೆ ಮಾಡುತ್ತಿದ್ದಳು. ಡಬ್ಬಿ ಗುಂಯ್ಗುಡುತ್ತಿತ್ತು. ಆ ಕೊಳವೆಗೆ ಉದ್ದಕ್ಕೂ ಯಾರೋ ಮಲ್ಲಿಗೆ ಮಾಲೆ ಸುತ್ತಿದ್ದರು.

ತಿರುಗಿದರೆ ಭಾವ ಗಾಡಿಯ ಮೆಟ್ಟಿಲ ಮೇಲೆ ಮೀಟರ್ ನೋಡುತ್ತ ಕೂತಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು.

"ಇದೇನು ಭಾವ?"

"ನಿನ್ನೆ ಊಟ ಆದ್ಮೇಲೆ ಹುಡುಗಿ ಬಂದು ಬಾಗ್ಲು ತಟ್ಟಿದ್ಲು. ದೊಡ್ಡಮ್ಮ, ಇವತ್ತೊಂದಿನ ನನ್ನ ಪಕ್ಕ ಮಲ್ಕೋ ಅಂತ. ಇವ್ಳು ಎದ್ದು ಬಾಗ್ಲು ತೆಗೆದ್ಲು. ಆಮೇಲೆ ನನ್ನ ಹತ್ರ ಒಂದೇ ಮಾತು ಕೇಳಿದ್ದು, ವೈರು ಎಷ್ಟುದ್ದ ಇದೆ ಅಂತ." ಭಾವ ಮೀಟರಿನಿಂದ ಕಣ್ಣು ಎತ್ತಿದರು. "ಮಲ್ಲಿಗೆ ಆ ಹುಡುಗೀದೇ ಕೆಲಸ. ಆನೆ ಸಿಂಗಾರ ಮಾಡ್ತೀನಿ ಅಂದ್ಲಂತೆ. ಎಲ್ಲಾರಿಗಿಂತ ಜಾಸ್ತಿ ನಕ್ಕಿದ್ದು ನಿಮ್ಮಕ್ಕನೇ. ಇಲ್ಲಿಗೆ ಕೇಳಿಸ್ತು."

ನನಗೆ ಆಗಲೂ ಪೂರ್ತಿ ಅರ್ಥವಾಗಿರಲಿಲ್ಲ. ಭಾವನೇ ಹೇಳಿದರು.

"ಕರೆಂಟು ಎಲ್ಲಾದ್ರೂ ಹೆಂಗಾದ್ರೂ ಸಿಗ್ತಿತ್ತು ಕಣೋ. ಮೊದಲ್ನೇ ವರ್ಷನೇ ಹೇಳಿದ್ಲು ನಂಗೆ. ಇದನ್ನ ಮೂತಿಗೆ ಹಾಕ್ಕೊಂಡು ನಾಲ್ಕು ಜನದ ಸಾಲಲ್ಲಿ ಹೆಂಗೆ ಮಲಗ್ಲಿ, ಮಕ್ಕಳು ಮರಿ ನಗ್ತಾವೆ, ನಂಗೆ ನಾಚಿಕೆ ಆಗುತ್ತೆ ಅಂತ. ಯಾರಿಗೂ ಹೇಳ್ಬೇಡಿ ಅಂದಿದ್ಲು. ನಾನು ಹೇಳ್ಲಿಲ್ಲ."

ನಾಲ್ಕು ವರ್ಷ! ನಾಲ್ಕು ಗಂಟೆ ಬಸ್ಸು ಎಂದು ಕರೆದು ನಕ್ಕಿದ್ದ ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಅಂಗಳದಲ್ಲಿ ನಿಂತೆ. ಒಡಹುಟ್ಟಿದವನಿಗೆ ತಿಳಿಯದ್ದನ್ನು ಈ ಮನುಷ್ಯ ತಾಲ್ಲೂಕಿನವರೆಲ್ಲರ ನಗೆಯನ್ನು ತಲೆಯ ಮೇಲೆ ಹೊತ್ತುಕೊಂಡು, ದಿನಕ್ಕೊಂದು ಸುಳ್ಳು ಹೇಳಿಕೊಂಡು ಮುಚ್ಚಿಟ್ಟಿದ್ದರು. ನನಗೆ ನಾಚಿಕೆಯಾಯಿತು. ನನ್ನ ಅಕ್ಕನಿಗೆ ಇಂಥ ಗಂಡ ಸಿಕ್ಕಿದ್ದಾನಲ್ಲ ಎಂದು ಹೆಮ್ಮೆಯೂ ಆಯಿತು. ಅದನ್ನು ಹೇಳುವ ಬದಲು ಹಳೆಯ ಚಾಳಿಯಂತೆ ಕೆಣಕಿದೆ.

"ಹಂಗಾದ್ರೆ ಕೊನೆಗೆ ಬೇಕಾಗಿದ್ದು ಬರೀ ವೈರು. ಗಾಡಿ ದಂಡ ಆಯ್ತಲ್ಲ ಭಾವ?"

"ಬಾಗ್ಲು ಹಾಕ್ಕೊಳ್ಳಕ್ಕೆ ತನಗೊಂದು ಜಾಗ ಇದೆ ಅಂತ ಗೊತ್ತಾಯ್ತಲ್ಲ" ಅಂದರು ಭಾವ. "ಅದಕ್ಕೇ ಬಾಗ್ಲು ತೆಗೆದು ಹೋದ್ಲು."

ಪೂರ್ವದಲ್ಲಿ ತೇಗದ ಮರಗಳ ಹಿಂದೆ ಮೋಡ ಸ್ವಲ್ಪ ಸರಿದಿತ್ತು. ಭಾವ ಎದ್ದು ನನ್ನ ಕೈಯಿಂದ ಪಾತ್ರೆ ಕಸಿದು ಕೆಳಗಿಟ್ಟು, "ಹಿಡಿ ಆ ಕಡೆ" ಎಂದು ಪ್ಯಾನೆಲ್ ಎತ್ತಿ ಕಂಬಿ ಕೊಟ್ಟರು. ಗಾಜಿನ ಮೇಲಿನ ಮಂಜನ್ನು ಪಂಚೆಯ ತುದಿಯಿಂದ ಒರೆಸಿದರು. ಆಮೇಲೆ ಪೂರ್ವಕ್ಕೆ ತಿರುಗಿ, "ಬಾರಪ್ಪ, ಬಾ" ಅಂದರು. ನಲವತ್ತು ವರ್ಷದ ಮೇಲೆ ಆಡಿದ ಮಾತು!

ಅಷ್ಟರಲ್ಲಿ ತಂಗಿ ಎಣ್ಣೆ ಬಟ್ಟಲು ಹಿಡಿದು ಹಜಾರದ ಬಾಗಿಲಿಗೆ ಬಂದಳು. "ಶಾಸ್ತ್ರಕ್ಕೆ ಹೊತ್ತಾಯ್ತು, ಅಕ್ಕನ್ನ ಎಬ್ಬಿಸ್ಲಾ ಭಾವ?"

ಭಾವ ಬಗ್ಗಿ ಮೀಟರ್ ನೋಡಿದರು. ಮತ್ತೊಮ್ಮೆ ನೋಡಿದರು.

"ಇನ್ನೊಂದು ಗಳಿಗೆ ಮಲಗ್ಲಿ ಬಿಡು" ಅಂದರು. "ಚಾರ್ಜ್ ಇದೆ."